ಯಂತ್ರ ಉಳಿಸಿದ ಸಮಯ ಯಾರದು?

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟ ರಸ್ತೆಯ ಆಸುಪಾಸಿನಲ್ಲಿರುವ ಬಾಗಲಗುಂಟೆಯಲ್ಲಿ ಬೆಳಗಿನ ಎಂಟು ಗಂಟೆಗೆ ನಿಂತು ನೋಡಿದರೆ ನಮ್ಮ ಕಾಲದ ದುಡಿಮೆಯ ಎರಡು ಮುಖಗಳು ಒಟ್ಟಿಗೇ ಕಾಣುತ್ತವೆ. ಒಂದೆಡೆ ಕೈಯಲ್ಲಿ ಊಟದ ಡಬ್ಬಿ ಹಿಡಿದು ಪೀಣ್ಯದ ಗಾರ್ಮೆಂಟ್ಸ್ ಕಡೆಗೆ ಬಿರಬಿರನೆ ನಡೆಯುವ ಹೆಂಗಸರು. ಇನ್ನೊಂದೆಡೆ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಮೆಟ್ರೋ ಹಿಡಿಯಲು ಹೊರಟ ಹುಡುಗಿಯರು. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಹಸಿರು ಮಾರ್ಗ ಮುಂದುವರಿದ ಮೇಲೆ ಇಲ್ಲಿನವರಿಗೆ ಮಂಜುನಾಥನಗರ ನಿಲ್ದಾಣ ಹತ್ತಿರವಾಗಿದೆ. ಎಷ್ಟೋ ಮನೆಗಳಲ್ಲಿ ತಾಯಿ ಹೊಲಿಗೆ ಯಂತ್ರದ ಮುಂದೆ, ಮಗಳು ಕಂಪ್ಯೂಟರ್ ಮುಂದೆ. ಇಬ್ಬರ ಎದುರಿಗೂ ಇರುವುದು ಯಂತ್ರವೇ.

ಈ ಯಂತ್ರಗಳು ಈಗ ಮೊದಲಿನಂತಿಲ್ಲ. ಹೊಲಿಯುವ ಯಂತ್ರದ ಪಕ್ಕದಲ್ಲಿ ತುಂಡುಗಳನ್ನು ಎಣಿಸುವ ಉಪಕರಣ ಬಂದಿದೆ. ಕಂಪ್ಯೂಟರ್‌ನೊಳಗೆ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆ, ಅಂದರೆ ಎಲ್ಲರ ಬಾಯಲ್ಲಿರುವ ‘ಎಐ’ ಬಂದಿದೆ. ಇವು ಬಂದರೆ ಕೆಲಸ ಹಗುರವಾಗುತ್ತದೆ, ಸಮಯ ಉಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಮನೆಯ ಹೆಣ್ಣು ಮಕ್ಕಳು ಸಂಜೆ ಮನೆಗೆ ಬಂದಾಗ ಅವರ ಮುಖದಲ್ಲಿ ಆ ಹಗುರ ಕಾಣುತ್ತಿದೆಯೇ? ಉಳಿದ ಸಮಯ ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿದ ಓರ್ವ ಪ್ರಾಧ್ಯಾಪಕಿ ಇದ್ದಾರೆ. ಅವರ ಹೆಸರು ಅರುಣಾ ರಂಗನಾಥನ್. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿರುವ ಹಾಸ್ ಬಿಸಿನೆಸ್ ಸ್ಕೂಲ್‌ನಲ್ಲಿ ಅವರು ಕಲಿಸುತ್ತಾರೆ. ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿ, ಸ್ಟ್ಯಾನ್‌ಫೋರ್ಡ್‌ನಲ್ಲಿ ಪಾಠ ಮಾಡಿ ಅಲ್ಲಿಗೆ ಬಂದವರು. ಬಿಸಿನೆಸ್ ಸ್ಕೂಲ್ ಎಂದೊಡನೆ ಲಾಭ-ನಷ್ಟದ ಲೆಕ್ಕವನ್ನಷ್ಟೇ ಕಲಿಸುವ ಜಾಗ ಎಂದು ನಾವು ಭಾವಿಸುತ್ತೇವೆ. ಆದರೆ ಇವರ ವಿಷಯ ಬೇರೆ. ಮನುಷ್ಯ ತನ್ನ ಕೆಲಸವನ್ನು ಹೇಗೆ ಕಾಣುತ್ತಾನೆ, ಮೇಲಿನವರು ಹೇಗೆ ನಡೆದುಕೊಂಡರೆ ಕೆಳಗಿನವರು ಮನಸ್ಸಿಟ್ಟು ದುಡಿಯುತ್ತಾರೆ, ಹೊಸ ಯಂತ್ರ ಬಂದಾಗ ದುಡಿಯುವವರ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದು ಅವರ ಹುಡುಕಾಟ. ಅದಕ್ಕಾಗಿ ಅವರು ತಿಂಗಳುಗಟ್ಟಲೆ ಕೆಲಸದ ಜಾಗದಲ್ಲೇ ಇದ್ದು ನೋಡುತ್ತಾರೆ, ಮಾತನಾಡಿಸುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ಅವರ ಕೆಲವು ಮುಖ್ಯ ಅಧ್ಯಯನಗಳು ನಡೆದಿರುವುದು ನಮ್ಮದೇ ನೆಲದಲ್ಲಿ.

ಚನ್ನಪಟ್ಟಣದ ಗೊಂಬೆಯ ಬೆಲೆ

ಬೆಂಗಳೂರು-ಮೈಸೂರು ರಸ್ತೆಯಲ್ಲಿ ಹೋದವರೆಲ್ಲರೂ ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ನೋಡಿರುತ್ತಾರೆ. ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಈ ಕಸುಬಿನಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳೂ ತಲೆಮಾರುಗಳಿಂದ ಇವೆ. ಅರುಣಾ ರಂಗನಾಥನ್ ಅಲ್ಲಿನ ಕುಶಲಕರ್ಮಿಗಳು ತಮ್ಮ ವಸ್ತುವಿಗೆ ಬೆಲೆ ಹೇಳುವ ರೀತಿಯನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು.

ಅವರು ಕಂಡದ್ದು ಅರ್ಥಶಾಸ್ತ್ರದ ಪುಸ್ತಕಕ್ಕೆ ವಿರುದ್ಧವಾಗಿತ್ತು. ವಸ್ತುವಿನ ಬೆಲೆ ಬಲ್ಲ ಗಿರಾಕಿಯಿಂದ ಹೆಚ್ಚು ಹಣ ಕೇಳಬಹುದಲ್ಲವೇ? ಆದರೆ ತನ್ನ ಕೆಲಸವನ್ನು ಪ್ರೀತಿಸುವ ಕುಶಲಕರ್ಮಿ, ಕಸುಬಿನ ಮರ್ಮ ತಿಳಿದು ಮೆಚ್ಚುವವರು ಬಂದಾಗ ಬೆಲೆ ಇಳಿಸುತ್ತಾನೆ. ತನ್ನ ಕೈಯ ವಸ್ತು ಅದನ್ನು ಗೌರವಿಸುವವರ ಮನೆ ಸೇರಲಿ ಎಂಬುದು ಅವನ ಬಯಕೆ. ಬರೀ ಮಾರಾಟ ಮಾಡುವ ವ್ಯಾಪಾರಿಯಲ್ಲಿ ಈ ಗುಣ ಕಾಣಲಿಲ್ಲ.

ಇದರಲ್ಲಿ ಒಂದು ದೊಡ್ಡ ಪಾಠವಿದೆ. ಮನುಷ್ಯ ದುಡಿಯುವುದು ಹಣಕ್ಕಾಗಿ, ಅದರಲ್ಲಿ ಸಂಶಯವಿಲ್ಲ. ಆದರೆ ಹಣಕ್ಕಾಗಿ ಮಾತ್ರ ಅಲ್ಲ. ತನ್ನ ಕೆಲಸವನ್ನು ಯಾರೋ ಅರ್ಥ ಮಾಡಿಕೊಂಡರು ಎಂಬ ಸಮಾಧಾನವೂ ಅವನಿಗೆ ಬೇಕು. ಮನೆಯಲ್ಲಿ ಅಡುಗೆ ಮಾಡುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾವ ಯಂತ್ರವೂ ಈ ಸಮಾಧಾನವನ್ನು ಅಳೆಯಲಾರದು. ಮುಂದಿನ ಅಧ್ಯಯನ ತೋರಿಸಿದ್ದು ಇದನ್ನೇ.

ಎಣಿಸುವ ಯಂತ್ರ ಬಂದಾಗ

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಗೆ ‘ಟಾರ್ಗೆಟ್’ ಎಂಬ ಪದ ಗೊತ್ತು. ಗಂಟೆಗೆ ಇಷ್ಟು ಪೀಸ್ ಹೊಲಿಯಬೇಕು. ಮೊದಲೆಲ್ಲ ಈ ಲೆಕ್ಕವನ್ನು ಕೈಯಲ್ಲಿ ಬರೆದಿಡುತ್ತಿದ್ದರು. ಈಗ ಕೆಲವು ಕಾರ್ಖಾನೆಗಳಲ್ಲಿ ಆರ್‌ಎಫ್‌ಐಡಿ ಎಂಬ ವ್ಯವಸ್ಥೆ ಇದೆ. ಬಟ್ಟೆಯ ಬಂಡಲ್ ಜೊತೆ ಒಂದು ಸಣ್ಣ ಚಿಪ್ ಇರುತ್ತದೆ. ಅದು ರೇಡಿಯೋ ಅಲೆಗಳ ಮೂಲಕ ಪ್ರತಿಯೊಬ್ಬರೂ ಮುಗಿಸಿದ ಕೆಲಸವನ್ನು ಆ ಕ್ಷಣವೇ ದಾಖಲು ಮಾಡುತ್ತದೆ. ತಾನು ಎಷ್ಟು ಹೊಲಿದೆ ಎಂಬ ಸಂಖ್ಯೆ ದುಡಿಯುವವಳ ಕಣ್ಣ ಮುಂದೆಯೇ ಇರುತ್ತದೆ.

ಭಾರತದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಈ ವ್ಯವಸ್ಥೆ ಬಂದಾಗ ಏನಾಯಿತು ಎಂದು ಅರುಣಾ ರಂಗನಾಥನ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯದ ಅಲನ್ ಬೆನ್ಸನ್ ಪರಿಶೀಲಿಸಿದರು. ಅವರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸಂಖ್ಯೆ ಕಣ್ಣ ಮುಂದೆ ಬಂದೊಡನೆ ದುಡಿಯುವವರು ತಮಗೆ ಅರಿವಿಲ್ಲದೆಯೇ ಅದನ್ನು ಒಂದು ಆಟವನ್ನಾಗಿ ಮಾಡಿಕೊಂಡರು. ನಿನ್ನೆಗಿಂತ ಇಂದು ಹೆಚ್ಚು, ಈ ಗಂಟೆಗಿಂತ ಮುಂದಿನ ಗಂಟೆ ಹೆಚ್ಚು ಎಂದು ತಮ್ಮೊಂದಿಗೆ ತಾವೇ ಪಂದ್ಯ ಕಟ್ಟಿದರು.

ಆದರೆ ಫಲಿತಾಂಶ ಎಲ್ಲರಿಗೂ ಒಂದೇ ಆಗಿರಲಿಲ್ಲ. ಸರಳವಾದ ಕೆಲಸ ಮಾಡುವವರ ಉತ್ಪಾದನೆ ಹೆಚ್ಚಿತು. ನೇರ ಹೊಲಿಗೆಯಂತಹ ಕೆಲಸದಲ್ಲಿ ಸಂಖ್ಯೆಯೇ ಹೆಚ್ಚುಕಡಿಮೆ ಪೂರ್ತಿ ಕತೆ ಹೇಳುತ್ತದೆ. ಕ್ಲಿಷ್ಟವಾದ ಕೆಲಸ ಮಾಡುವವರ ಉತ್ಪಾದನೆ ಮಾತ್ರ ಕಡಿಮೆಯಾಯಿತು! ಏಕೆ? ಕ್ಲಿಷ್ಟ ಕೆಲಸದಲ್ಲಿ ಕೈಚಳಕ ಬೇಕು, ಬಟ್ಟೆಯ ಗುಣ ತಿಳಿದಿರಬೇಕು, ತಾಳ್ಮೆ ಬೇಕು. ಇವು ಯಾವುವೂ ಎಣಿಕೆಗೆ ಸಿಗುವುದಿಲ್ಲ. ತನ್ನ ನಿಜವಾದ ಜಾಣ್ಮೆ ಲೆಕ್ಕಕ್ಕೇ ಬಾರದಿದ್ದಾಗ ಅವಳ ಉತ್ಸಾಹ ಕುಗ್ಗುತ್ತದೆ.

ಶಿಕ್ಷಕರಾದ ನಮಗೂ ಇದು ಅನುಭವದ ಮಾತು. ಮಗು ಎಷ್ಟು ಮಗ್ಗಿ ಒಪ್ಪಿಸಿತು ಎಂದು ಎಣಿಸಬಹುದು. ಗಣಿತದ ಬಗ್ಗೆ ಅದಕ್ಕಿದ್ದ ಹೆದರಿಕೆ ಹೋಯಿತೇ ಎಂಬುದನ್ನು ಎಣಿಸಲು ಯಾವ ಯಂತ್ರವಿದೆ? ಹೆದರಿಕೆ ಹೋಗದೆ ಕಲಿತ ಮಗ್ಗಿ ಎಷ್ಟು ದಿನ ಉಳಿದೀತು?

ಪಕ್ಕದಲ್ಲಿ ಕುಳಿತ ಸೂಪರ್‌ವೈಸರ್

ನಾಯಕತ್ವ ಎಂದರೆ ಏನು? ಎತ್ತರದ ದನಿ, ಗತ್ತು, ಗದರಿಕೆ ಎಂದು ಭಾವಿಸುವವರು ನಮ್ಮಲ್ಲಿ ಬಹಳ ಮಂದಿ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ಮಾತನಾಡಿಸಿದರೆ ಸಂಬಳದ ದೂರಿನಷ್ಟೇ ಬೈಗುಳದ ದೂರೂ ಕೇಳಿಬರುತ್ತದೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಮೇಲೆ ನಿಂತು ಲೆಕ್ಕ ಕೇಳುವವರು ಬಹುತೇಕ ಗಂಡಸರು.

ಅರುಣಾ ರಂಗನಾಥನ್ ಮತ್ತು ರಂಜಿತಾ ಶಿವರಾಮ್ ಈ ಸಂಬಂಧವನ್ನೂ ಭಾರತದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಅಧ್ಯಯನ ಮಾಡಿದರು. ಮಹಿಳಾ ಮ್ಯಾನೇಜರ್‌ಗಳ ಕೈಕೆಳಗೆ ದುಡಿದ ಹೆಂಗಸರು ಪುರುಷ ಮ್ಯಾನೇಜರ್‌ಗಳ ಕೈಕೆಳಗಿನವರಿಗಿಂತ ಹೆಚ್ಚು ಉತ್ಪಾದನೆ ಮಾಡಿದರೆಂದು ಕಂಡುಬಂತು. ಕಾರಣ ಹುಡುಕಿದಾಗ ಸಿಕ್ಕಿದ್ದು ತೀರಾ ಸರಳವಾದ ಸಂಗತಿ. ಆ ಮಹಿಳೆಯರು ತಮ್ಮ ಸ್ಥಾನಕ್ಕೆ ತಕ್ಕದ್ದಲ್ಲ ಎನಿಸುವ ಕೈಕೆಲಸಕ್ಕೂ ಇಳಿಯುತ್ತಿದ್ದರು. ಕೆಲಸ ತಡವಾದಲ್ಲಿ ತಾವೇ ಕೈ ಹಾಕುತ್ತಿದ್ದರು. ಅದನ್ನು ಕಂಡಾಗ ಹೊಲಿಯುವವಳಿಗೆ ಇವಳು ನಮ್ಮ ಕಷ್ಟ ಬಲ್ಲವಳು ಎಂಬ ನಂಬಿಕೆ ಹುಟ್ಟುತ್ತಿತ್ತು.

ಇದಕ್ಕೆ ಪೂರಕವಾದ ಮತ್ತೊಂದು ಅಧ್ಯಯನ 2018ರದು. ತಮ್ಮ ಕುಟುಂಬದಲ್ಲಿ ಮೊದಲ ಬಾರಿಗೆ ಮನೆಯಿಂದ ಹೊರಗೆ ಸಂಬಳದ ಕೆಲಸಕ್ಕೆ ಹೊರಟ ಹೆಣ್ಣು ಮಕ್ಕಳ ಕುರಿತಾದ ಅಧ್ಯಯನವದು. ನಮ್ಮ ಸಮುದಾಯದ ಎಷ್ಟೋ ಹುಡುಗಿಯರ ಸ್ಥಿತಿ ಇದೇ ಅಲ್ಲವೇ? ಇಂಥವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟುಬಿಡುತ್ತಾರೆ. ‘ಇವರಿಗೆ ದುಡಿಯುವ ಮನಸ್ಸಿಲ್ಲ’ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಅರುಣಾ ರಂಗನಾಥನ್ ನೋಡಿದಾಗ ವಿಷಯ ಬೇರೆಯೇ ಇತ್ತು. ಅನುಭವಿ ತರಬೇತುದಾರರ ಕೈಯಲ್ಲಿ ಕಲಿತ ಹುಡುಗಿಯರು ಕೆಲಸದಲ್ಲಿ ಉಳಿಯುತ್ತಿದ್ದರು. ಹೊಸ ತರಬೇತುದಾರರು ಹೊಲಿಗೆಯನ್ನು ಮಾತ್ರ ಕಲಿಸುತ್ತಿದ್ದರು. ಅನುಭವಿಗಳು ಅದರ ಜೊತೆಗೆ ಕೆಲಸದ ಜಾಗದಲ್ಲಿ ಹೇಗಿರಬೇಕು, ಇತರರೊಂದಿಗೆ ಹೇಗೆ ಮಾತನಾಡಬೇಕು, ಮನೆಯ ಚಿಂತೆಯನ್ನು ಕೆಲಸದಿಂದ ಹೇಗೆ ಬೇರೆ ಇಡಬೇಕು, ತನ್ನ ಕಾಲ ಮೇಲೆ ತಾನು ಹೇಗೆ ನಿಲ್ಲಬೇಕು ಎಂಬುದನ್ನೂ ತಿಳಿಸಿಕೊಡುತ್ತಿದ್ದರು. ಹೊರಗೆ ದುಡಿದ ತಾಯಿ ಅಥವಾ ಅಕ್ಕ ಇದ್ದ ಹುಡುಗಿಗೆ ಇದೆಲ್ಲ ಮನೆಯಲ್ಲೇ ಸಿಗುತ್ತದೆ. ಇಲ್ಲದವಳಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು.

ಹೆಚ್ಚಿದ ದುಡಿಮೆ, ಹೆಚ್ಚದ ಸಂಬಳ

ಇಷ್ಟೆಲ್ಲ ಕಲಿತು, ಚೆನ್ನಾಗಿ ದುಡಿದರೆ ಲಾಭ ಯಾರಿಗೆ? ಈ ಪ್ರಶ್ನೆಗೆ ಬೆಂಗಳೂರಿನ ಕಾರ್ಖಾನೆಗಳಿಂದಲೇ ಒಂದು ಖಚಿತ ಉತ್ತರವಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನ್ಯಶದಮ್ ಎಂಬ ಮೂವರು ಪ್ರಾಧ್ಯಾಪಕರು ಇಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಸಂವಹನ, ಸಮಯದ ನಿರ್ವಹಣೆ, ಸಮಸ್ಯೆಗೆ ಪರಿಹಾರ ಹುಡುಕುವುದು ಮುಂತಾದವುಗಳ ತರಬೇತಿಗೆ ಹೆಸರು ಕೊಟ್ಟ ಹೆಂಗಸರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ ಕಲಿಸಲಾಯಿತು. ಉಳಿದವರೊಂದಿಗೆ ಅವರನ್ನು ಹೋಲಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತರಬೇತಿ ಪಡೆದವರ ಉತ್ಪಾದನೆ ಇತರರಿಗಿಂತ ಶೇಕಡಾ 13.5ರಷ್ಟು ಹೆಚ್ಚಾಯಿತು. ಅವರ ಸಂಬಳ ಎಷ್ಟು ಹೆಚ್ಚಿತು ಗೊತ್ತೇ? ಸುಮಾರು ಶೇಕಡಾ 0.5!

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಕಲಿತವಳು ಬದಲಾದಳು, ಕಾರ್ಖಾನೆಗೆ ಲಾಭವಾಯಿತು. ಅವಳ ಕೈಗೆ ಬಂದದ್ದು ಮಾತ್ರ ಅತ್ಯಲ್ಪ. ಕಲಿಕೆ ವ್ಯರ್ಥ ಎಂದು ಇದರ ಅರ್ಥವಲ್ಲ. ಮಾತನಾಡುವ ಧೈರ್ಯ ಬಂದವಳಿಗೆ ಅದು ಮನೆಯಲ್ಲೂ ಬೀದಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ದುಡಿಮೆ ಚುರುಕಾದೊಡನೆ ಅದರ ಫಲ ತಾನಾಗಿಯೇ ದುಡಿದವಳಿಗೆ ಸೇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದನ್ನು ಕೇಳಿ ಪಡೆಯಬೇಕಾಗುತ್ತದೆ.

ಎಐ ಬಂದ ಕಚೇರಿಯಲ್ಲಿ

ಈಗ ಲ್ಯಾಪ್‌ಟಾಪ್ ಹಿಡಿದ ಮಗಳ ಕಡೆಗೆ ಬರೋಣ. 2022ರ ನವೆಂಬರ್‌ನಲ್ಲಿ ಚಾಟ್ ಜಿಪಿಟಿ ಬಂದಂದಿನಿಂದ ಕಚೇರಿಗಳ ಕೆಲಸದ ರೀತಿಯೇ ಬದಲಾಗುತ್ತಿದೆ. ಪತ್ರ ಬರೆಯುವುದು, ವರದಿ ತಯಾರಿಸುವುದು, ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಮುಂತಾದ ಕೆಲಸಗಳಲ್ಲಿ ಎಐ ನೆರವಾಗುತ್ತಿದೆ. ಇದರಿಂದ ನೌಕರರ ಹೊರೆ ಕಡಿಮೆಯಾಯಿತೇ?

ಅರುಣಾ ರಂಗನಾಥನ್ ಮತ್ತು ಸಂಶೋಧಕಿ ಮ್ಯಾಗಿ ಯೇ 2025ರಲ್ಲಿ ಅಮೆರಿಕದ ಒಂದು ತಂತ್ರಜ್ಞಾನ ಕಂಪೆನಿಯನ್ನು ಎಂಟು ತಿಂಗಳ ಕಾಲ ಹತ್ತಿರದಿಂದ ಗಮನಿಸಿದರು. ಅಲ್ಲಿ ಸುಮಾರು 200 ನೌಕರರಿದ್ದರು. ಅವರು ಕಂಡುಕೊಂಡದ್ದು 2026ರ ಫೆಬ್ರವರಿಯಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಐ ಕೆಲಸವನ್ನು ಕಡಿಮೆ ಮಾಡಲಿಲ್ಲ, ಇನ್ನಷ್ಟು ತೀವ್ರಗೊಳಿಸಿತು ಎಂಬುದೇ ಅದರ ಸಾರ. ಇದು ಮೂರು ರೀತಿಯಲ್ಲಿ ನಡೆಯಿತು.

ಮೊದಲನೆಯದು, ಕೆಲಸದ ವ್ಯಾಪ್ತಿ ಹಿಗ್ಗಿತು. ಎಐ ಇದೆಯಲ್ಲ ಎಂಬ ಧೈರ್ಯದಿಂದ ನೌಕರರು ಬೇರೆಯವರ ಕೆಲಸಕ್ಕೂ ಕೈ ಹಾಕಿದರು. ಪ್ರೋಗ್ರಾಮ್ ಬರೆಯುವುದು ತಮ್ಮ ಕೆಲಸವಲ್ಲದವರೂ ಬರೆಯತೊಡಗಿದರು. ಹಾಗೆ ಬರೆದದ್ದನ್ನು ತಿದ್ದುವ ಹೊಸ ಹೊರೆ ಇಂಜಿನಿಯರುಗಳ ಮೇಲೆ ಬಿತ್ತು.

ಎರಡನೆಯದು, ಕೆಲಸ ಮತ್ತು ಬಿಡುವಿನ ನಡುವಿನ ಗಡಿ ಅಳಿಸಿತು. ಊಟ ಮಾಡುತ್ತಲೇ ಎಐಗೆ ಒಂದು ಪ್ರಶ್ನೆ, ಮೀಟಿಂಗ್ ಶುರುವಾಗುವ ಮೊದಲು ಒಂದು, ಮನೆಗೆ ಹೊರಡುವಾಗ ಇನ್ನೊಂದು. ಒಂದು ಸಾಲು ಬರೆದರೆ ಸಾಕಲ್ಲ, ಅದೇನು ಕೆಲಸವೇ ಎನಿಸುತ್ತದೆ. ಹೀಗೆ ಮನಸ್ಸಿಗೆ ನಿಜವಾದ ಬಿಡುವೇ ಇಲ್ಲದಾಯಿತು.

ಮೂರನೆಯದು, ಏಕಕಾಲಕ್ಕೆ ಹಲವು ಕೆಲಸ. ಒಂದನ್ನು ಎಐ ಮಾಡುತ್ತಿರುವಾಗ ಇನ್ನೊಂದನ್ನು ತಾವು ಮಾಡುವುದು, ಮಧ್ಯೆ ಮಧ್ಯೆ ಅದು ಮಾಡಿದ್ದನ್ನು ನೋಡಿಬರುವುದು. ಹೊರಗೆ ಬಹಳ ಕೆಲಸ ಆಗುತ್ತಿದೆ ಎನಿಸಿದರೂ ಒಳಗೆ ದಣಿವು ಹೆಚ್ಚಿತು.

ಗಮನಿಸಬೇಕಾದ ಸಂಗತಿ ಎಂದರೆ, ಎಐ ಬಳಸಲೇಬೇಕೆಂದು ಆ ಕಂಪೆನಿ ಯಾರನ್ನೂ ಬಲವಂತಪಡಿಸಿರಲಿಲ್ಲ. ನೌಕರರು ತಾವಾಗಿಯೇ ಹೆಚ್ಚು ದುಡಿದರು. ಒಬ್ಬರು ಬೇಗ ಮುಗಿಸಿದಾಗ ಎಲ್ಲರೂ ಅಷ್ಟೇ ಬೇಗ ಮುಗಿಸಬೇಕೆಂಬ ನಿರೀಕ್ಷೆ ಬೆಳೆಯುತ್ತದೆ. ಆಮೇಲೆ ಅದೇ ನಿಯಮವಾಗುತ್ತದೆ. ಗಾರ್ಮೆಂಟ್ಸ್‌ನ ಟಾರ್ಗೆಟ್ ಏರುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅಲ್ಲಿ ಸೂಪರ್‌ವೈಸರ್ ಏರಿಸುತ್ತಾನೆ, ಇಲ್ಲಿ ನಾವೇ ಏರಿಸಿಕೊಳ್ಳುತ್ತೇವೆ.

ಅಡುಗೆಮನೆ ಮೊದಲೇ ಕಲಿಸಿದ ಪಾಠ

ಗೃಹಿಣಿಯರಿಗೆ ಇದು ಹೊಸ ಕತೆಯಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಗೆ ಯಂತ್ರಗಳು ಬಂದ ಮೇಲೂ ತಾಯಂದಿರ ಕೆಲಸ ಏಕೆ ಕಡಿಮೆಯಾಗಲಿಲ್ಲ ಎಂದು ವಿವರಿಸಿದ್ದಾರೆ. ಬಟ್ಟೆ ಒಗೆಯುವ ಯಂತ್ರ ಬಂದಾಗ ಬಟ್ಟೆಗಳನ್ನು ಹೆಚ್ಚು ಸಲ ಒಗೆಯುವುದು ರೂಢಿಯಾಯಿತು. ಮೊದಲು ಗಂಡಸರೂ ಮಕ್ಕಳೂ ಹಂಚಿಕೊಳ್ಳುತ್ತಿದ್ದ ಕೆಲಸ, ಹೊರಗಿನವರು ಮಾಡಿಕೊಡುತ್ತಿದ್ದ ಕೆಲಸ, ಎಲ್ಲವೂ ತಾಯಿಯೊಬ್ಬಳ ಮೇಲೆ ಬಂದವು.

ನಮ್ಮ ಮನೆಗಳನ್ನೇ ನೋಡಿ. ಮಿಕ್ಸಿ ಬಂದ ಮೇಲೆ ರುಬ್ಬುವ ಕಷ್ಟ ತಪ್ಪಿತು, ಅದು ನಿಜ. ಆದರೆ ‘ಮಿಕ್ಸಿ ಇದೆಯಲ್ಲ’ ಎಂದು ಇಫ್ತಾರ್‌ನ ಮೇಜಿಗೆ ಎರಡು ಬಗೆ ಸೇರಿಕೊಂಡವು. ಮೊಬೈಲ್ ಬಂದ ಮೇಲೆ ಶಾಲೆಯ ಸೂಚನೆ, ಹೋಮ್‌ವರ್ಕ್, ಶುಲ್ಕದ ನೆನಪು, ಎಲ್ಲವೂ ತಾಯಿಯ ವಾಟ್ಸ್‌ಆಪ್‌ಗೆ ಬರತೊಡಗಿದವು. ಯಂತ್ರ ಸಮಯ ಉಳಿಸಿತು. ಆ ಸಮಯವನ್ನು ಬೇರೆ ಯಾರೋ ತೆಗೆದುಕೊಂಡರು. ಅದು ತನ್ನದೆಂದು ಅವಳೂ ಹೇಳಲಿಲ್ಲ, ಮನೆಯವರೂ ಹೇಳಲಿಲ್ಲ.

ನಾವು ಮಾಡಬಹುದಾದದ್ದು

ಹಾಗಾದರೆ ಎಐ ಬೇಡವೇ? ಹಾಗೆ ಹೇಳುವುದು ಮೂರ್ಖತನವಾದೀತು. ಇಂಗ್ಲಿಷ್‌ಗೆ ಹೆದರುತ್ತಿದ್ದ ಹುಡುಗಿ ಇಂದು ಅದರ ನೆರವಿನಿಂದ ಅರ್ಜಿ ಬರೆಯುತ್ತಾಳೆ, ಅರ್ಥವಾಗದ ಪಾಠವನ್ನು ಕೇಳಿ ತಿಳಿಯುತ್ತಾಳೆ. ಈ ಬಾಗಿಲನ್ನು ಮುಚ್ಚಬಾರದು. ಅರುಣಾ ರಂಗನಾಥನ್ ಮತ್ತು ಮ್ಯಾಗಿ ಯೇ ಕೂಡಾ ಬಳಸಬೇಡಿ ಎಂದು ಹೇಳಿಲ್ಲ. ಬಳಸುವುದಕ್ಕೊಂದು ಕ್ರಮ ಇರಲಿ ಎಂದಿದ್ದಾರೆ. ಮುಖ್ಯ ತೀರ್ಮಾನಕ್ಕೆ ಮೊದಲು ಬೇಕೆಂದೇ ಸ್ವಲ್ಪ ನಿಲ್ಲುವುದು, ಎಲ್ಲವನ್ನೂ ಒಂದೇ ಸಲ ಮೈಮೇಲೆ ಎಳೆದುಕೊಳ್ಳದೆ ಒಂದಾದ ಮೇಲೊಂದರಂತೆ ಮಾಡುವುದು, ಯಂತ್ರದೊಂದಿಗಿನ ಮಾತಿನ ನಡುವೆ ಮನುಷ್ಯರೊಂದಿಗೆ ಮಾತನಾಡಲು ಸಮಯ ಇಡುವುದು, ಇವು ಅವರ ಸಲಹೆಗಳು.

ಇದನ್ನು ಕಂಪೆನಿಗಳು ಪಾಲಿಸುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲೇ ಆರಂಭಿಸಬಹುದು. ರಾತ್ರಿಯ ಊಟದ ಹೊತ್ತಿಗೆ ಲ್ಯಾಪ್‌ಟಾಪ್, ಮೊಬೈಲ್ ಎರಡೂ ಬೇರೆ ಕೋಣೆಯಲ್ಲಿರಲಿ. ಇಶಾ ನಮಾಝ್‌ನ ನಂತರವೂ ಮಗಳು ಪರದೆಯ ಮುಂದೆಯೇ ಇದ್ದರೆ ಗದರುವ ಬದಲು ‘ನಾಳೆ ಮಾಡಿದರೆ ಆಗುವುದಿಲ್ಲವೇ?’ ಎಂದು ಕೇಳಿ. ಎಷ್ಟೋ ಸಲ ಆಗುತ್ತದೆ ಎಂದು ಅವಳಿಗೇ ಹೊಳೆಯುತ್ತದೆ. ಕೆಲಸದಿಂದ ಬಂದ ಸೊಸೆಯ ಕೈಗೆ ತಕ್ಷಣ ಸೌಟು ಕೊಡದೆ ಅರ್ಧ ಗಂಟೆ ಅವಳನ್ನು ಅವಳ ಪಾಡಿಗೆ ಬಿಡಿ. ಆ ಅರ್ಧ ಗಂಟೆ ಚಹಾ ಮಾಡಿದರೆ ಮಗನ ಗೌರವವೇನೂ ಕಡಿಮೆಯಾಗದು.

ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಸ್ಥಿತಿ ಇನ್ನೂ ಕಠಿಣ. ಟಾರ್ಗೆಟ್ ಎಷ್ಟಿರಬೇಕೆಂದು ಅವಳೊಬ್ಬಳೇ ತೀರ್ಮಾನಿಸಲಾರಳು. ಆದರೆ ಒಟ್ಟಾಗಿ ಕೇಳಿದಾಗ ಫಲ ಸಿಕ್ಕ ಉದಾಹರಣೆ ನಮ್ಮ ಊರಿನಲ್ಲೇ ಇದೆ. ಭವಿಷ್ಯನಿಧಿ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರಕಾರ ಹಾಕಿದ ನಿರ್ಬಂಧದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು. ಎರಡೇ ದಿನದಲ್ಲಿ ಸರಕಾರ ಆ ನಿಯಮವನ್ನು ಹಿಂದೆಗೆದುಕೊಂಡಿತು. ಆ ಪ್ರತಿಭಟನೆಯಲ್ಲಿ ಹಿಂಸೆಯೂ ನಡೆಯಿತು, ಅದನ್ನು ಸಮರ್ಥಿಸಲಾಗದು. ಆದರೆ ಅಷ್ಟು ದೂರ ಹೋಗುವ ಮೊದಲೇ ಅವರ ಮಾತನ್ನು ಕೇಳುವವರು ಇದ್ದಿದ್ದರೆ? ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ಮತ್ತೊಂದು ಪ್ರಯೋಗ ಇದನ್ನೇ ಹೇಳುತ್ತದೆ. ನಿರೀಕ್ಷಿಸಿದಷ್ಟು ಸಂಬಳ ಹೆಚ್ಚದೆ ನಿರಾಶರಾದ ಕಾರ್ಮಿಕರಲ್ಲಿ ಕೆಲವರನ್ನು ಆರಿಸಿ, ಹೆಸರು ಬಹಿರಂಗಪಡಿಸದೆ ಅವರ ಅಭಿಪ್ರಾಯ ಕೇಳಲಾಯಿತು. ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವವರೂ ರಜೆ ಹಾಕುವವರೂ ಕಡಿಮೆಯಾದರು. ಅತಿ ಹೆಚ್ಚು ನಿರಾಶರಾಗಿದ್ದವರಲ್ಲೇ ಈ ಬದಲಾವಣೆ ಹೆಚ್ಚಾಗಿ ಕಂಡಿತು.

ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಕೆಲವರು ಸೂಪರ್‌ವೈಸರ್ ಆಗಿರಬಹುದು, ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿರಬಹುದು, ಇಬ್ಬರು ಹುಡುಗಿಯರನ್ನು ಇಟ್ಟುಕೊಂಡು ಟೈಲರಿಂಗ್ ಅಂಗಡಿ ನಡೆಸುತ್ತಿರಬಹುದು. ಮನೆಗೆ ಕೆಲಸದವಳು ಬರುತ್ತಿರಬಹುದು. ಒಬ್ಬರ ದುಡಿಮೆಯ ಮೇಲೆ ನಮಗೆ ಅಧಿಕಾರವಿದೆ ಎಂದಾದರೆ ನಾವೂ ನಾಯಕರೇ. ‘ಎಷ್ಟಾಯಿತು?’ ಎಂದು ಕೇಳುವುದನ್ನು ಈಗ ಯಂತ್ರವೇ ಮಾಡುತ್ತದೆ. ‘ಎಲ್ಲಿ ಕಷ್ಟವಾಗುತ್ತಿದೆ?’ ಎಂದು ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳುವುದು ಇನ್ನೂ ಮನುಷ್ಯರದೇ ಕೆಲಸ. ಹೊಸ ಯಂತ್ರ ತಂದ ದಿನವೇ ಅದು ಉಳಿಸುವ ಸಮಯದಲ್ಲಿ ದುಡಿಯುವವಳ ಪಾಲೆಷ್ಟು ಎಂದು ಬಾಯಿಬಿಟ್ಟು ಹೇಳಿಬಿಡಿ. ಒಂದು ಗಂಟೆ ಉಳಿದರೆ ಕಾಲು ಗಂಟೆಯಾದರೂ ಅವಳದಾಗಲಿ.